ಸ್ಪ್ಲಿಟ್ ಎ.ಸಿ.ಗೆ ಗ್ಯಾಸ್ ತುಂಬುವುದು: ಧಾರವಾಡ ಜಿಲ್ಲೆಯ ಗ್ರಾಮೀಣ ತಾಲೂಕುಗಳಲ್ಲಿ

ಸ್ಪ್ಲಿಟ್ ಎ.ಸಿ.ಯ ತಾಮ್ರದ ಕೊಳವೆಗಳೊಳಗೆ ಸುತ್ತುವ ಶೀತಕವನ್ನು ತಯಾರಕರು ಗೊತ್ತುಪಡಿಸಿದ ತೂಕಕ್ಕೆ ತುಂಬುವ ಕೆಲಸ. ಮೆಕ್ಯಾನಿಕರು ಇದನ್ನು ‘ಗ್ಯಾಸ್ ಚಾರ್ಜಿಂಗ್’ ಎಂದರೆ, ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಗಿರಾಕಿಗಳು ‘ಗ್ಯಾಸ್ ಹಾಕಿಸೋದು’ ಅನ್ನುತ್ತಾರೆ. ಸೋರಿದ ಯಂತ್ರವನ್ನು ದುರಸ್ತಿ ಮಾಡಿದಾಗ, ಕಂಪ್ರೆಸರ್ ಅಥವಾ ಕಾಯಿಲ್ ಬದಲಿಸಿದಾಗ, ಹೊಸ ಯಂತ್ರಕ್ಕೆ ಉದ್ದನೆಯ ಪೈಪು ಎಳೆದಾಗ ಮಾತ್ರ ಇದರ ಅಗತ್ಯ ಬೀಳುತ್ತದೆ. ವರ್ಷಕ್ಕೊಮ್ಮೆ ಮಾಡಿಸಬೇಕಾದ ಕೆಲಸ ಇದಲ್ಲ. ಆದರೂ ಯುಗಾದಿ ಕಳೆದು ಬಿಸಿಲು ಏರಿ, ತಂಪು ಸಾಲದಾಯಿತೆಂದರೆ ‘ಗ್ಯಾಸ್ ಖಾಲಿ ಆಗೇತಿ’ ಎಂಬ ತೀರ್ಪು ಮೆಕ್ಯಾನಿಕ್ ಬರುವ ಮೊದಲೇ ಸಿದ್ಧವಾಗಿರುತ್ತದೆ. ಎ.ಸಿ.ಯ ಗ್ಯಾಸು ಉರಿದುಹೋಗುವ ಇಂಧನವಲ್ಲ. ದಾರಿ ಭದ್ರವಾಗಿದ್ದರೆ ಯಂತ್ರದ ಆಯುಷ್ಯ ಮುಗಿಯುವವರೆಗೂ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಬಯಲುಸೀಮೆಗೆ ಎ.ಸಿ.

ನವಲಗುಂದ, ಅದರಿಂದ ಬೇರ್ಪಟ್ಟು ತಾಲೂಕಾದ ಅಣ್ಣಿಗೇರಿ ಮತ್ತು ಕುಂದಗೋಳ ಎರಿಮಣ್ಣಿನ ಬಯಲು. ಹತ್ತಿ, ಕಡಲೆ, ಹೆಸರು, ಮೆಣಸಿನಕಾಯಿ ಇಲ್ಲಿನ ಬೆಳೆ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣತೆ 38–40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಕಲಘಟಗಿ ಮಲೆನಾಡಿನ ಸೆರಗಿನಲ್ಲಿದೆ. ಮಳೆ ಹೆಚ್ಚು, ಬೇಸಿಗೆ ತುಸು ಸಹ್ಯ, ಗಾಳಿಯಲ್ಲಿ ತೇವ ಜಾಸ್ತಿ. ದಪ್ಪ ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳೊಳಗೆ ಹಗಲಿನ ಕಾವು ಬೇಗ ನುಗ್ಗುತ್ತಿರಲಿಲ್ಲ. ಈಗಿನ ಆರ್.ಸಿ.ಸಿ. ಚಾವಣಿಯಾದರೋ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಎ.ಸಿ. ಈ ಊರುಗಳಿಗೆ ಮೊದಲು ಬಂದದ್ದು ಬ್ಯಾಂಕಿನ ಶಾಖೆ, ಎ.ಟಿ.ಎಂ., ಆಸ್ಪತ್ರೆ, ಬಂಗಾರದಂಗಡಿಗಳಿಗೆ. ಮನೆಗಳಿಗೆ ಬಂದದ್ದು ಆಮೇಲೆ. 2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ.

ಬಿಡಿಭಾಗ, ಗ್ಯಾಸಿನ ಸಿಲಿಂಡರು, ಬಹುಮಟ್ಟಿಗೆ ಮೆಕ್ಯಾನಿಕ್ ಕೂಡ ಹುಬ್ಬಳ್ಳಿಯಿಂದ ಬರಬೇಕು. ನಾಲ್ಕೂ ಊರುಗಳು ಹುಬ್ಬಳ್ಳಿಯಿಂದ ಸುಮಾರು 20ರಿಂದ 40 ಕಿ.ಮೀ. ದೂರದಲ್ಲಿವೆ. ಬೈಕಿನ ಮೇಲೆ ಬರುವವನು ಗೇಜು, ಪಾನಾ, ಒಂದು ಸಣ್ಣ ಗ್ಯಾಸ್ ಕ್ಯಾನು ತರಬಲ್ಲ. ನೈಟ್ರೋಜನ್ ಸಿಲಿಂಡರನ್ನೂ ವ್ಯಾಕ್ಯೂಮ್ ಪಂಪನ್ನೂ ತರುವುದು ಕಷ್ಟ. ಈ ಸೀಮೆಯಲ್ಲಿ ಗ್ಯಾಸ್ ತುಂಬುವ ಕೆಲಸದ ಕುಂದುಗಳಲ್ಲಿ ಹಲವು ಈ ಬೈಕಿನ ಮಿತಿಯಿಂದಲೇ ಹುಟ್ಟಿದವು.

ಯಂತ್ರದ ಕೆಲಸ

ಶೀತಕ ಬಹಳ ಕಡಿಮೆ ಉಷ್ಣತೆಯಲ್ಲಿ ಕುದಿಯುವ ದ್ರವ. ವಾತಾವರಣದ ಒತ್ತಡದಲ್ಲಿ ಹಳೆಯ ಯಂತ್ರಗಳ ಶೀತಕವಾದ ಆರ್-22 ಸೊನ್ನೆಗಿಂತ 41 ಡಿಗ್ರಿ ಕೆಳಗೆ, ಹೊಸ ಯಂತ್ರಗಳ ಆರ್-32 ಸುಮಾರು 52 ಡಿಗ್ರಿ ಕೆಳಗೆ ಕುದಿಯುತ್ತದೆ. ಒಳಗಿನ ಘಟಕದ ಕಾಯಿಲಿನಲ್ಲಿ ಅದು ಆವಿಯಾಗುತ್ತ ಕೋಣೆಯ ಶಾಖ ಹೀರುತ್ತದೆ. ಹೊರಗಿನ ಘಟಕದ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ, ಕಂಡೆನ್ಸರಿನಲ್ಲಿ ಶಾಖ ಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ಕೂದಲೆಳೆಯಂಥ ಕ್ಯಾಪಿಲರಿ ನಳಿಗೆ ಅಥವಾ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಒತ್ತಡ ಕಳೆದುಕೊಂಡು ಪುನಃ ಒಳಕ್ಕೆ ಹೋಗುತ್ತದೆ. ಭಾರತದಲ್ಲಿ ಮಾರುವ ಹೆಚ್ಚಿನ ಸ್ಪ್ಲಿಟ್ ಯಂತ್ರಗಳಲ್ಲಿ ಈ ಕ್ಯಾಪಿಲರಿ ಇರುವುದು ಹೊರಗಿನ ಪೆಟ್ಟಿಗೆಯಲ್ಲಿ. ಹಾಗಾಗಿ ಗೋಡೆ ದಾಟುವ ತೆಳು ಪೈಪೂ ದಪ್ಪ ಪೈಪೂ ಎರಡೂ ತಣ್ಣಗಿರುತ್ತವೆ, ಎರಡಕ್ಕೂ ಫೋಮಿನ ಹೊದಿಕೆ ಬೇಕು. ಬಿಸಿಲಿಗೆ ಸಿಡಿದ, ಇಲಿ ಕಡಿದ ಹೊದಿಕೆ ಗ್ಯಾಸನ್ನು ಸೋರಿಸದಿದ್ದರೂ ತಂಪನ್ನು ದಾರಿಯಲ್ಲೇ ಚೆಲ್ಲುತ್ತದೆ.

ತೂಕವೇ ಅಳತೆ

ಗೇಜು ಹಚ್ಚಿ ಮುಳ್ಳು ನೋಡಿ ತುಂಬುವುದು ಈ ಭಾಗದಲ್ಲಿ ರೂಢಿ. ಆರ್-22 ಕಾಲದಲ್ಲಿ ‘ಅರವತ್ತೈದು ಬಂದ್ರ ಸಾಕು’ ಎಂಬುದು ಗುರುವಿನಿಂದ ಶಿಷ್ಯನಿಗೆ ಬಂದ ಮಂತ್ರ. ಅದು ಸುಳ್ಳಲ್ಲ. ಓಡುತ್ತಿರುವ ಆರ್-22 ಯಂತ್ರದ ಹೀರುವ ಬದಿಯಲ್ಲಿ 60ರಿಂದ 70 ಪಿಎಸ್‌ಐ ಒತ್ತಡವಿದ್ದರೆ ಕಾಯಿಲಿನೊಳಗೆ ಗ್ಯಾಸು 5 ಡಿಗ್ರಿಯ ಆಸುಪಾಸು ಕುದಿಯುತ್ತಿದೆ ಎಂದಾಗುತ್ತದೆ. ಅದೇ 5 ಡಿಗ್ರಿಗೆ ಆಮೇಲೆ ಬಂದ ಆರ್-410ಎ ಮತ್ತು ಆರ್-32ರಲ್ಲಿ 120 ಪಿಎಸ್‌ಐ ದಾಟಬೇಕು. ಹಳೆಯ ಅಂಕಿಯನ್ನೇ ನಂಬಿ ಹೊಸ ಯಂತ್ರಕ್ಕೆ 65ಕ್ಕೆ ನಿಲ್ಲಿಸಿದರೆ ಅರೆಹೊಟ್ಟೆ ತುಂಬಿದಂತಾಗಿ ಕಾಯಿಲು ಬರ್ಫು ಕಟ್ಟುತ್ತದೆ.

ಇನ್ನೂ ಮೂಲದ ತೊಡಕೊಂದಿದೆ. ನಿಂತಿರುವ ಯಂತ್ರದಲ್ಲಿ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಗ್ಯಾಸಿನ ಪ್ರಮಾಣವಲ್ಲ. 35 ಡಿಗ್ರಿಯ ಮಧ್ಯಾಹ್ನ ಆರ್-22 ಯಂತ್ರ ಸುಮಾರು 180 ಪಿಎಸ್‌ಐ, ಆರ್-32 ಯಂತ್ರ ಸುಮಾರು 300 ಪಿಎಸ್‌ಐ ತೋರಿಸುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೂ, ಪೂರ್ತಿ ಇರಲಿ ಅರ್ಧ ಇರಲಿ, ಅಂಕಿ ಅದೇ. ಅಡುಗೆಯ ಸಿಲಿಂಡರು ಕೊನೆಯ ದಿನದವರೆಗೂ ಒಂದೇ ಜೋರಿನಲ್ಲಿ ಉರಿಯುವುದೂ, ಎಷ್ಟು ಉಳಿದಿದೆ ಎಂದು ತಿಳಿಯಲು ಅದನ್ನು ತಕ್ಕಡಿಗೇ ಏರಿಸಬೇಕಾಗುವುದೂ ಇದೇ ಕಾರಣಕ್ಕೆ. ಇನ್ವರ್ಟರ್ ಎ.ಸಿ.ಯಲ್ಲಿ ಓಡುವಾಗಿನ ಗೇಜನ್ನೂ ನೆಚ್ಚುವಂತಿಲ್ಲ. ಕೋಣೆ ತಂಪಾದಂತೆ ಕಂಪ್ರೆಸರಿನ ವೇಗ ತಗ್ಗಿ ಮುಳ್ಳು ಏರುತ್ತದೆ, ಬಿಸಿಯಾದರೆ ವೇಗ ಹೆಚ್ಚಿ ಇಳಿಯುತ್ತದೆ. ಕಂಪನಿ ಹೇಳಿದ ಟೆಸ್ಟ್ ಮೋಡಿನಲ್ಲಿ ಓಡಿಸದೆ ಓದಿದ ಅಂಕಿಗೆ ಬೆಲೆಯಿಲ್ಲ.

ಆದ್ದರಿಂದ ಸರಿಯಾದ ಅಳತೆ ಗ್ರಾಮು. ಹೊರಗಿನ ಘಟಕದ ಮಗ್ಗುಲಿಗೆ ಅಂಟಿಸಿದ ಪಟ್ಟಿಯಲ್ಲಿ ಗ್ಯಾಸಿನ ಹೆಸರು, ತೂಕ ಎರಡೂ ಅಚ್ಚಾಗಿರುತ್ತವೆ. ಮನೆಬಳಕೆಯ ಆರ್-32 ಯಂತ್ರದಲ್ಲಿ ಇದು ಸಾಮಾನ್ಯವಾಗಿ ಒಂದು ಕಿಲೋಗೂ ಕಡಿಮೆ. ಕಾರ್ಖಾನೆಯಿಂದ ಬರುವಾಗಲೇ ಇಷ್ಟು ಗ್ಯಾಸು ಹೊರ ಘಟಕದಲ್ಲಿ ಬಂದಿಯಾಗಿದ್ದು, ಗೊತ್ತುಪಡಿಸಿದ ಉದ್ದದ ಪೈಪಿಗೆ ಸಾಕಾಗುತ್ತದೆ. ಅದಕ್ಕಿಂತ ಉದ್ದವಾದರೆ ಮೀಟರಿಗೆ ಇಷ್ಟು ಗ್ರಾಮು ಸೇರಿಸಬೇಕೆಂದು ಕೈಪಿಡಿ ಹೇಳುತ್ತದೆ. ಸಣ್ಣ ಯಂತ್ರಗಳಲ್ಲಿ ಇದು 15–20 ಗ್ರಾಮಿನ ಸುತ್ತಮುತ್ತ. ನಡುವಂಕಣದ ಕೋಣೆಗೆ ಯಂತ್ರ ಕೂರಿಸಿ ಹಿತ್ತಲಿನವರೆಗೆ ಪೈಪು ಎಳೆಯುವ ಉದ್ದನೆಯ ಮನೆಗಳಲ್ಲಿ ಇದನ್ನು ಮರೆಯುವಂತಿಲ್ಲ. ನಾಲ್ಕು ಮೀಟರು ಹೆಚ್ಚಾದರೆ 80 ಗ್ರಾಮು. 600 ಗ್ರಾಮಿನ ಯಂತ್ರದಲ್ಲಿ ಅದು ಎಂಟನೆಯ ಒಂದು ಭಾಗಕ್ಕಿಂತ ಜಾಸ್ತಿ. ಇದಕ್ಕೆ ಬೇಕಾದದ್ದು ಸಿಲಿಂಡರ್ ಇಡುವ ಒಂದು ಡಿಜಿಟಲ್ ತಕ್ಕಡಿ. ಮೆಣಸಿನಕಾಯಿಯನ್ನು ತೂಗಿ ಮಾರುವ ಸೀಮೆಯಲ್ಲಿ ಅದಕ್ಕೆ ಬರವಿರಬಾರದು.

ಕಡಿಮೆ ತುಂಬಿದರೂ ಹೆಚ್ಚು ತುಂಬಿದರೂ ಪೆಟ್ಟು ಬೀಳುವುದು ಕಂಪ್ರೆಸರಿಗೆ. ಅದರೊಳಗಿನ ಮೋಟಾರನ್ನು ತಣ್ಣಗಿಡುವುದು ಮರಳಿ ಬರುವ ಗ್ಯಾಸು. ಅದು ಸಾಲದಿದ್ದರೆ ಸುರುಳಿ ಸುಡುತ್ತದೆ. ಹೆಚ್ಚಾದರೆ ಕಂಡೆನ್ಸರಿನಲ್ಲಿ ದ್ರವ ನಿಂತು ಒತ್ತಡವೂ ಕರೆಂಟೂ ಏರುತ್ತವೆ, ದ್ರವವೇ ಕಂಪ್ರೆಸರಿಗೆ ನುಗ್ಗಿ ಎಣ್ಣೆಯನ್ನು ತೊಳೆದುಬಿಡುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಡಿ ಇರುವ ಮನೆಗೆ ಇನ್ನೊಂದು ನಷ್ಟವಿದೆ. ಒಂದು ಟನ್ನಿನ ಸಾದಾ ಯಂತ್ರದ ಕಂಪ್ರೆಸರ್ ಬಿಡದೆ ಓಡಿದರೆ ತಾಸಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ಗ್ಯಾಸು ಕಡಿಮೆಯಿರುವ ಯಂತ್ರ ಬೇಕಾದ ತಂಪು ಮುಟ್ಟದೆ, ಕಟಾಫ್ ಆಗದೆ ರಾತ್ರಿಯಿಡೀ ಓಡುತ್ತದೆ. ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಹೆಸ್ಕಾಂ ಬಿಲ್ಲು ಪೂರ್ತಿ ಕಟ್ಟಬೇಕು.

ಗ್ಯಾಸೋ ಧೂಳೋ?

ಗೇಜು ಹಚ್ಚುವ ಮೊದಲು ನೋಡಬೇಕಾದದ್ದು ಬೇರೆ. ಎರಿಮಣ್ಣಿನ ಧೂಳು ಬಲು ನುಣುಪು. ಹಿಂಗಾರಿಯ ಕಡಲೆ, ಜೋಳದ ರಾಶಿ ನಡೆಯುವ ಕಾಲಕ್ಕೆ ಅದರ ಜೊತೆ ಹೊಟ್ಟೂ ಹಾರುತ್ತದೆ. ರಾಶಿ ಮುಗಿಯುವುದಕ್ಕೂ ಎ.ಸಿ. ಶುರುವಾಗುವುದಕ್ಕೂ ನಡುವೆ ಹೆಚ್ಚು ದಿನವಿಲ್ಲ. ಕಂಡೆನ್ಸರಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಈ ಹೊಟ್ಟು, ಧೂಳು ಕಂಬಳಿಯಾಗಿ ಕೂತರೆ ಶಾಖ ಹೊರಹೋಗುವುದಿಲ್ಲ, ತಂಪು ಕುಸಿಯುತ್ತದೆ. ನೀರು ಹಾಯಿಸಿ ತೊಳೆದರೆ ಸರಿಹೋಗುವ ಯಂತ್ರಕ್ಕೆ ಗ್ಯಾಸು ಏರಿಸಿದರೆ ಮೊದಲೇ ಹೆಚ್ಚಿದ್ದ ಒತ್ತಡ ಇನ್ನೂ ಹೆಚ್ಚುತ್ತದೆ. ಒಳಗಿನ ಘಟಕದ ಗಾಳಿ ಸೋಸುವ ಜಾಳಿಗೆ ಕಟ್ಟಿಕೊಂಡರೂ ಕಾಯಿಲ್ ಬರ್ಫಾಗುತ್ತದೆ; ಬರ್ಫು ಕಂಡಾಕ್ಷಣ ಗ್ಯಾಸು ಕಡಿಮೆ ಎಂದು ಹೇಳಲಾಗದು. ಜಾಳಿಗೆ, ಕಂಡೆನ್ಸರು ಎರಡೂ ತೊಳೆದ ಮೇಲೆಯೂ ಹೊರಘಟಕದ ತೆಳು ಪೈಪಿನ ವಾಲ್ವು ಬೆಳ್ಳಗೆ ಹಿಮಗಟ್ಟುತ್ತಿದ್ದರೆ, ಕಂಪ್ರೆಸರ್ ಪಟ್ಟಿಯಲ್ಲಿ ಬರೆದದ್ದಕ್ಕಿಂತ ಬಹಳ ಕಡಿಮೆ ಆಂಪಿಯರ್ ಎಳೆಯುತ್ತಿದ್ದರೆ ಆಗ ಸೋರಿಕೆಯ ಸಂಶಯ ಬಲವಾಗುತ್ತದೆ.

ಸೋರುವ ಜಾಗ

ಎಣ್ಣೆಯ ಜಿಡ್ಡು ಸೋರಿಕೆಯ ಮೊದಲ ಗುರುತು, ಏಕೆಂದರೆ ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ತಿರುಗುತ್ತಿರುತ್ತದೆ. ಜಿಡ್ಡಿಗೆ ಧೂಳು ಹತ್ತಿ ಕಪ್ಪು ಕಲೆ ಬಿದ್ದಿರುತ್ತದೆ. ಬಹುತೇಕ ಸಲ ಅದು ಸಿಗುವುದು ಪೈಪು ಸೇರುವ ಫ್ಲೇರ್ ನಟ್ಟಿನಲ್ಲಿ. ತಾಮ್ರದ ತುದಿಯನ್ನು ತುತ್ತೂರಿಯಂತೆ ಅಗಲಿಸುವಾಗ ಅಂಚು ಸೀಳಿದ್ದರೆ, ನಟ್ಟನ್ನು ಅತಿಯಾಗಿ ಬಿಗಿದಿದ್ದರೆ ಮೊದಲ ಬೇಸಿಗೆ ಕಳೆಯುವುದರೊಳಗೆ ಗ್ಯಾಸು ಜಾರುತ್ತದೆ. ಗ್ಯಾಸ್ ತುಂಬುವ ಪಿನ್ ವಾಲ್ವು, ಅದರ ಕಳೆದುಹೋದ ಟೋಪಿ, ಒಳಗಿನ ಕಾಯಿಲಿನ ಬಾಗುಗಳು ಆಮೇಲಿನವು. ಅಡುಗೆಯ ಹೊಗೆ, ಊದುಬತ್ತಿ, ಬಣ್ಣ ಇವುಗಳಿಂದ ಬರುವ ಸಾವಯವ ಆಮ್ಲಗಳು ತೇವದ ಜೊತೆ ಸೇರಿ ಕಾಯಿಲಿನ ತಾಮ್ರದ ಗೋಡೆಯಲ್ಲಿ ಕಣ್ಣಿಗೆ ಕಾಣದ ಸುರಂಗ ಕೊರೆಯುತ್ತವೆ.

ಹಳ್ಳಿಗಳಿಗೇ ವಿಶೇಷವಾದ ಒಂದು ಕಾರಣವನ್ನು ಕೈಪಿಡಿಗಳು ಅಷ್ಟಾಗಿ ಹೇಳುವುದಿಲ್ಲ: ದನದ ಮನೆ. ಗಂಜಲ, ಸಗಣಿಯಿಂದ ಅಮೋನಿಯಾ ಏಳುತ್ತದೆ. ಅಮೋನಿಯಾಗೂ ಹಿತ್ತಾಳೆಗೂ ಆಗಿಬರದು, ಫ್ಲೇರ್ ನಟ್ಟು ಹಿತ್ತಾಳೆಯದು. ಈ ಹಗೆ ಮೊದಲು ಬೆಳಕಿಗೆ ಬಂದದ್ದೇ ಭಾರತದಲ್ಲಿ. 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯದ ಹಿತ್ತಾಳೆಯ ತೋಟಾ ಕವಚಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳು ಬಿಡುತ್ತಿದ್ದವು. ಕುದುರೆ ಲಾಯಗಳ ಮೂತ್ರದಿಂದ ಎದ್ದ ಅಮೋನಿಯಾ, ತೇವ ಮತ್ತು ಲೋಹದೊಳಗಿನ ಬಿಗಿತ ಮೂರೂ ಕೂಡಿದ ಫಲ ಅದೆಂದು ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಲೋಹವಿಜ್ಞಾನಿಗಳು 1921ರಲ್ಲಿ ವಿವರಿಸಿದರು. ಬಿಗಿದ ನಟ್ಟಿನಲ್ಲಿ ಬಿಗಿತ ಇದ್ದೇ ಇದೆ, ತೇವ ಮಳೆಗಾಲ ಕೊಡುತ್ತದೆ, ಮೂರನೆಯದಾದ ಅಮೋನಿಯಾ ದನದ ಮನೆಯದು. ದೊಡ್ಡ ಶೀತಲಗೃಹಗಳಲ್ಲಿ ಸಾಮಾನ್ಯವಾಗಿ ಅಮೋನಿಯಾವೇ ಶೀತಕ, ಅದಕ್ಕೆಂದೇ ಅಲ್ಲಿ ತಾಮ್ರ ಬಳಸದೆ ಉಕ್ಕಿನ ಪೈಪು ಹಾಕುತ್ತಾರೆ. ಹೊರಘಟಕವನ್ನು ದನದ ಮನೆಯ ಗೋಡೆಗಾಗಲಿ ತಿಪ್ಪೆಯ ಮಗ್ಗುಲಿಗಾಗಲಿ ಕೂರಿಸಬಾರದು. ಜಾಗವಿಲ್ಲದಿದ್ದರೆ ಮಾಳಿಗೆಯ ಮೇಲೆ ನೆರಳು ಮಾಡಿ ಇಡುವುದು ಲೇಸು.

ಸೋರಿಕೆ ಹಿಡಿಯಲು ಒಣ ನೈಟ್ರೋಜನ್ನನ್ನು ಒತ್ತಡದಲ್ಲಿ ತುಂಬಿ ಪ್ರತಿ ಜೋಡಣೆಗೂ ಸಾಬೂನಿನ ನೊರೆ ಹಚ್ಚಿ ನೋಡುತ್ತಾರೆ. ನೈಟ್ರೋಜನ್ ಸಿಗದಲ್ಲಿ ಹಳೆಯ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿ ತುಂಬುವ ಚಾಳಿಯಿದೆ. ಗಾಳಿಯೊಂದಿಗೆ ತೇವವೂ ಒಳಸೇರುತ್ತದೆ. ಅದಕ್ಕಿಂತ ಘೋರವಾದದ್ದು ಆಕ್ಸಿಜನ್. ಟ್ರ್ಯಾಕ್ಟರ್ ಟ್ರೇಲರ್ ರಿಪೇರಿಯ ವೆಲ್ಡಿಂಗ್ ಶಾಪುಗಳಲ್ಲಿ ಆಕ್ಸಿಜನ್ ಸಿಲಿಂಡರು ಸುಲಭವಾಗಿ ಸಿಗುತ್ತದೆಂದು ಅದನ್ನು ಎ.ಸಿ.ಗೆ ಜೋಡಿಸಿದರೆ, ಎಣ್ಣೆಯ ಜೊತೆ ಸೇರಿ ಯಂತ್ರ ಸ್ಫೋಟಿಸಬಲ್ಲದು. ಇದರಲ್ಲಿ ರಿಯಾಯಿತಿ ಇಲ್ಲ.

ವ್ಯಾಕ್ಯೂಮ್

ಸೋರಿಕೆ ಮುಚ್ಚಿದ ಮೇಲೆ ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಎಳೆದು ತೆಗೆಯಬೇಕು. ಉಳಿದ ಗಾಳಿ ಕಂಡೆನ್ಸರಿನಲ್ಲಿ ಜಾಗ ಹಿಡಿದು ಒತ್ತಡ ಏರಿಸುತ್ತದೆ. ಉಳಿದ ನೀರು ಕ್ಯಾಪಿಲರಿಯ ಬಾಯಲ್ಲಿ ಹೆಪ್ಪುಗಟ್ಟುತ್ತದೆ. ಅದೇ ನೀರು ಹೊಸ ಗ್ಯಾಸುಗಳ ಪಾಲಿಯಾಲ್ ಎಸ್ಟರ್ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ. ಆರ್-22ರ ಖನಿಜ ಎಣ್ಣೆ ಇಷ್ಟು ನೀರಡಸಿದ್ದಲ್ಲ. ಹಾಗಾಗಿಯೇ ಆ ಕಾಲದಲ್ಲಿ ಪಂಪಿಲ್ಲದೆ, ಯಂತ್ರದ ಗ್ಯಾಸನ್ನೇ ಒಂದಿಷ್ಟು ಬಿಟ್ಟು ಗಾಳಿಯನ್ನು ಹೊರದೂಡುವ ಪದ್ಧತಿ ಹೇಗೋ ನಡೆದುಹೋಯಿತು. ಹೊಸ ಯಂತ್ರಗಳಲ್ಲಿ ಅದು ನಡೆಯದು.

ಗುರಿ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ಪಾದರಸ. ಆ ನಿರ್ವಾತದಲ್ಲಿ ನೀರು ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿಯುವುದರಿಂದ ಕೊಳವೆಯ ತೇವವೆಲ್ಲ ಆವಿಯಾಗಿ ಹೋಗುತ್ತದೆ. ಇದನ್ನು ತೋರಿಸಲು ಮೈಕ್ರಾನ್ ಗೇಜು ಬೇಕು, ಸಾದಾ ಮುಳ್ಳಿನ ಗೇಜಿನಿಂದಾಗದು. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಎಷ್ಟು ಒಳ್ಳೆಯ ಪಂಪು ಹಚ್ಚಿದರೂ ಮುಳ್ಳು 28 ಇಂಚಿನ ಹತ್ತಿರ ನಿಲ್ಲುತ್ತದೆ, 30 ಮುಟ್ಟುವುದಿಲ್ಲ. ಪಂಪು ಕೆಟ್ಟಿದೆ ಎಂದು ಬೈದುಕೊಳ್ಳಬೇಕಿಲ್ಲ. ಪಂಪು ನಿಲ್ಲಿಸಿದ ಮೇಲೆ ಮೈಕ್ರಾನ್ ಗೇಜು ತುಸು ಏರಿ ನಿಂತರೆ ತೇವ ಉಳಿದಿದೆ, ಏರುತ್ತಲೇ ಹೋದರೆ ಇನ್ನೂ ತೂತಿದೆ. ಕೆಲಸದ ನಡುವೆ ಕರೆಂಟು ಹೋಗುವ ಊರುಗಳಲ್ಲಿ ಒಂದು ಎಚ್ಚರ: ಹಿಮ್ಮುಖ ತಡೆಯಿಲ್ಲದ ಪಂಪು ತಟ್ಟನೆ ನಿಂತರೆ ಅದರ ಎಣ್ಣೆಯನ್ನು ಎ.ಸಿ.ಯ ಕೊಳವೆ ಎಳೆದುಕೊಳ್ಳುತ್ತದೆ. ಲೈನ್ ಹೋದ ಕೂಡಲೇ ಗೇಜಿನ ಕವಾಟ ಮುಚ್ಚಬೇಕು.

ತುಂಬುವುದು, ತೆಗೆಯುವುದು

ಇಷ್ಟಾದ ಮೇಲೆ ತುಂಬುವ ಕೆಲಸ ಚಿಕ್ಕದು. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಪೈಪಿನ ಗಾಳಿ ಕಳೆದು, ಬೇಕಾದ ಗ್ರಾಮು ಇಳಿಯುವವರೆಗೆ ಬಿಡುವುದು. ಆರ್-410ಎ ಎಂಬುದು ಆರ್-32 ಮತ್ತು ಆರ್-125 ಸಮಪಾಲು ಬೆರೆತದ್ದಾದ್ದರಿಂದ ದ್ರವರೂಪದಲ್ಲೇ ತೆಗೆಯಬೇಕು, ಇಲ್ಲವಾದರೆ ಪಾಲು ಏರುಪೇರಾಗುತ್ತದೆ. ಆರ್-32 ಒಂದೇ ವಸ್ತು, ಆ ಚಿಂತೆಯಿಲ್ಲ. ಓಡುತ್ತಿರುವ ಯಂತ್ರಕ್ಕೆ ದ್ರವವನ್ನು ಒಮ್ಮೆಗೇ ಹೀರಿಸದೆ ತಡೆತಡೆದು ಬಿಡಬೇಕು. ಕೊನೆಯಲ್ಲಿ ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ ಉಷ್ಣತೆಯ ಅಂತರ ನೋಡುತ್ತಾರೆ. 8ರಿಂದ 12 ಡಿಗ್ರಿ ಇದ್ದರೆ ಒಳ್ಳೆಯದು. ನವಲಗುಂದದ ಒಣ ಏಪ್ರಿಲ್‌ನಲ್ಲಿ ಈ ಅಂತರ ಹೆಚ್ಚು ಬರುತ್ತದೆ, ಕಲಘಟಗಿಯ ಜೂನ್‌ನಲ್ಲಿ ಯಂತ್ರದ ಶಕ್ತಿ ಗಾಳಿಯ ತೇವ ಹಿಂಡುವುದಕ್ಕೇ ಹೋಗಿ ಕಡಿಮೆ ಬರುತ್ತದೆ. ಎರಡನ್ನೂ ಒಂದೇ ಅಂಕಿಗೆ ತರಲು ಗ್ಯಾಸು ಏರಿಳಿಸುವುದು ತಪ್ಪು.

ಬಾಡಿಗೆ ಮನೆ ಬದಲಿಸುವ ನೌಕರದಾರರಿಗೆ ‘ಪಂಪ್ ಡೌನ್’ ಗೊತ್ತಿರುವ ಶಬ್ದ: ಯಂತ್ರ ಓಡುತ್ತಿರುವಾಗ ತೆಳು ಪೈಪಿನ ವಾಲ್ವನ್ನು ಅಲೆನ್ ಕೀಯಿಂದ ಮುಚ್ಚಿ, ಗ್ಯಾಸನ್ನೆಲ್ಲ ಹೊರಘಟಕಕ್ಕೆ ಎಳೆಸಿ, ಗೇಜು ಸೊನ್ನೆಗೆ ಬರುವಾಗ ದಪ್ಪ ಪೈಪಿನದನ್ನೂ ಮುಚ್ಚಿ ಕೂಡಲೇ ಬಂದ್ ಮಾಡುವುದು. ಪೈಪು ಬಿಚ್ಚಿಟ್ಟೋ ಸೋರಿಕೆ ಇದ್ದಾಗಲೋ ಇದನ್ನು ಮಾಡಿದರೆ ಕಂಪ್ರೆಸರ್ ಗಾಳಿಯನ್ನು ಹೀರಿ ಎಣ್ಣೆಯೊಂದಿಗೆ ಒತ್ತಿ, ಡೀಸೆಲ್ ಎಂಜಿನ್ನಿನಂತೆ ಹೊತ್ತಿಕೊಂಡು ಸಿಡಿಯುತ್ತದೆ. ಜಪಾನಿನಲ್ಲಿ ಇಂಥ ಅಪಘಾತಗಳು ನಡೆದಿವೆ.

ಗ್ಯಾಸಿನ ಪೀಳಿಗೆಗಳು

ಆರ್-22 ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು; 2025ರ ಜನವರಿ 1ರಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಇಂಥ ಗ್ಯಾಸು ಬಳಸುವಂತಿಲ್ಲ. ಹಳೆಯ ಯಂತ್ರಗಳು ಇನ್ನೂ ಓಡುತ್ತಿವೆ. ಆರ್-410ಎ ಓಜೋನಿಗೆ ನಿರಪಾಯಕಾರಿ, ಆದರೆ ಒಂದು ಕಿಲೋ ಗಾಳಿಗೆ ಬಿಟ್ಟರೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-32ರಲ್ಲಿ ಇದು ಅದರ ಮೂರನೆಯ ಒಂದು ಭಾಗದಷ್ಟು. ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯ ಪ್ರಕಾರ ಭಾರತ ಈ ಬಗೆಯ ಗ್ಯಾಸುಗಳನ್ನು 2032ರಿಂದ ತಗ್ಗಿಸುತ್ತ 2047ರ ವೇಳೆಗೆ ಶೇ. 85ರಷ್ಟು ಕಡಿಮೆ ಮಾಡಬೇಕು. 2019ರ ಭಾರತ ಶೀತಲೀಕರಣ ಕ್ರಿಯಾಯೋಜನೆ 2022–23ರೊಳಗೆ ಒಂದು ಲಕ್ಷ ದುರಸ್ತಿಗಾರರಿಗೆ ತರಬೇತಿ, ಪ್ರಮಾಣಪತ್ರ ನೀಡುವ ಗುರಿ ಇಟ್ಟುಕೊಂಡಿತ್ತು.

ಆರ್-32 ಸುಲಭಕ್ಕೆ ಹೊತ್ತದಿದ್ದರೂ ಹೊತ್ತುವ ಜಾತಿಯದು, ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ನೆಲಕ್ಕೆ ಕೂರುತ್ತದೆ. ಉರಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷ ಹುಟ್ಟುತ್ತದೆ. ಗ್ಯಾಸು ಪೂರ್ತಿ ತೆಗೆದು ನೈಟ್ರೋಜನ್ ಹಾಯಿಸದೆ ಬ್ರೇಜಿಂಗ್ ಬತ್ತಿ ಹಚ್ಚಬಾರದು. ಗೋದ್ರೆಜ್ ಕಂಪನಿ 2012ರಿಂದ ಮಾರುತ್ತಿರುವ ಕೆಲವು ಮಾದರಿಗಳಲ್ಲಿರುವ ಆರ್-290 ಶುದ್ಧ ಪ್ರೊಪೇನು, ಬೇಗ ಹೊತ್ತುವಂಥದ್ದು. ಅಡುಗೆ ಗ್ಯಾಸಿನಲ್ಲೂ ಪ್ರೊಪೇನ್ ಇದೆಯಲ್ಲ ಎಂದು ಅದನ್ನೇ ತುಂಬುವ ಜಾಣತನ ಬೇಡ: ಅದರಲ್ಲಿ ಬ್ಯೂಟೇನ್, ವಾಸನೆಯ ದ್ರವ್ಯ, ತೇವ ಎಲ್ಲ ಬೆರೆತಿರುತ್ತವೆ. ಆರ್-22 ಯಂತ್ರಕ್ಕೆ ಆರ್-32 ಹಾಕುವುದೂ ಅಷ್ಟೇ ಅಪಾಯ. ಹಳೆಯ ಕೊಳವೆ, ಹಳೆಯ ಎಣ್ಣೆ, ಹಳೆಯ ವಿದ್ಯುತ್ ಸ್ವಿಚ್ಚು ಯಾವುದೂ ಆ ಒತ್ತಡಕ್ಕೋ ಆ ಬೆಂಕಿಗೋ ಮಾಡಿದ್ದಲ್ಲ.

ಗ್ಯಾಸ್ ಹಾಕಿಸಿದ ಗಿರಾಕಿ ರಸೀದಿಯಲ್ಲಿ ಮೂರು ಸಂಗತಿ ಬರೆಸಿಕೊಳ್ಳಬೇಕು: ಗ್ಯಾಸಿನ ಹೆಸರು, ತುಂಬಿದ ಗ್ರಾಮು, ಸೋರಿಕೆ ಸಿಕ್ಕ ಜಾಗ. ಮೂರನೆಯದು ಖಾಲಿ ಇದ್ದರೆ ಹಣ ಕೊಡುವ ಮೊದಲು ಕೇಳಿ.